ಊರಾಚೆಯವರ ಮೊಟ್ಟೆಗಳು

ನಮ್ಮೂರಿನಲ್ಲಿ ಮೊಟ್ಟೆ ತನ್ನವರ ಕೈ ಸೇರುವ ತನಕ ತಣ್ಣಗಾಗುವುದಿಲ್ಲ. ಕೋಳಿ ಇಟ್ಟ ಗಳಿಗೆಯಲ್ಲಿ ಎಷ್ಟು ಬೆಚ್ಚಗಿತ್ತೋ ಅಷ್ಟೇ ಬೆಚ್ಚಗೆ, ಹೊಟ್ಟಿನ ಬುಟ್ಟಿಯಲ್ಲಿಟ್ಟರೂ, ನೀರಿನ ಹಂಡೆಯ ಪಕ್ಕದಲ್ಲಿಟ್ಟರೂ, ಮಾಗಿಯ ಚಳಿಯಲ್ಲಿ ಜಗಲಿಯ ಮೇಲೆ ಬಿಟ್ಟರೂ ಅದು ಕಾಯುತ್ತಲೇ ಇರುತ್ತದೆ. ಯಾರಿಗೆಂದು ಇಟ್ಟದ್ದೋ ಅವರ ಅಂಗೈಗೆ ಬಂದ ಕೂಡಲೇ ತಣ್ಣಗಾಗುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಮೂರನೆಯ ದಿನ ಬೆಳಿಗ್ಗೆ ನನ್ನ ಅತ್ತೆ ದ್ಯಾವೀರಮ್ಮ ಒಂದು ಮೊಟ್ಟೆ ತಂದು, ಏನೂ ಹೇಳದೆ, ನನ್ನ ಕೈಯಲ್ಲಿಟ್ಟರು. ನೋಡನೋಡುತ್ತಿದ್ದಂತೆ ಅದು ಬಾವಿಯ ನೀರಿನಿಂದ ಎತ್ತಿದ ಕಲ್ಲಿನ ಹಾಗೆ ತಣ್ಣಗಾಯಿತು. ಹೆದರಿ ಕೈಬಿಡುವಷ್ಟರಲ್ಲಿ ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಮುಚ್ಚಿ ಹಿಡಿದು, "ಇನ್ನು ನೀನು ಈ ಊರೋಳೇ ಕಣವ್ವ, ಕೋಳಿಗೆ ಗುರುತು ಸಿಕ್ತು" ಅಂದರು. ನಾನು ಪದವಿ ಓದಿದವಳು. ಜೀವಶಾಸ್ತ್ರದ ತರಗತಿಯಲ್ಲಿ ಮೊಟ್ಟೆಯ ಚಿತ್ರ ಬರೆದು, ಭಾಗಗಳಿಗೆಲ್ಲ ಬಾಣ ಎಳೆದು ಹೆಸರು ಬರೆದವಳು. ಆ ಚಿತ್ರದಲ್ಲಿ ಇದಕ್ಕೆ ಬಾಣ ಇರಲಿಲ್ಲ. ನಾನು ಕೇಳಲೂ ಇಲ್ಲ. ಯಾವುದೋ ಕೋಳಿ, ನನ್ನನ್ನು ಒಮ್ಮೆಯೂ ಸರಿಯಾಗಿ ನೋಡದ ಕೋಳಿ, ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು ಅನ್ನುವುದೇ ಆ ದಿನಕ್ಕೆ ಸಾಕಾಗಿತ್ತು.

ಊರಿನ ರೀತಿ ನಿಧಾನವಾಗಿ ತಿಳಿಯಿತು. ಬೆಳಿಗ್ಗೆ ಮಕ್ಕರಿ ಎತ್ತಿ ಕೋಳಿಗಳನ್ನು ಹೊರಗೆ ಬಿಟ್ಟ ಮೇಲೆ ಅತ್ತೆ ಮೊಟ್ಟೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಜಗಲಿಗೆ ಬರುತ್ತಾರೆ. ಮೊದಲು ಮಾವನ ಕೈ. ಅವರು ಒಂದೊಂದನ್ನೇ ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ತಣ್ಣಗಾದದ್ದು ಅವರದು. ಆಮೇಲೆ ಅಕ್ಕಿ ಗಿರಣಿಗೆ ಹೊರಟು ನಿಂತ ನನ್ನ ಗಂಡ ನಿಂಗರಾಜು. ಆಮೇಲೆ ನೆಂಟರು ಬಂದಿದ್ದರೆ ನೆಂಟರು. ಆಮೇಲೆ ಅತ್ತೆ, ಕೊನೆಗೆ ನಾನು. ಇನ್ನೊಬ್ಬರ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ. ತಿಂದರೆ ಏನೂ ಆಗುವುದಿಲ್ಲವಂತೆ, ಆದರೆ ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಮದುವೆ ಮನೆಗೆ ಹೋದಂತೆ ಅನ್ನಿಸುತ್ತದಂತೆ. ಎಲ್ಲರ ಕೈ ದಾಟಿಯೂ ಬೆಚ್ಚಗೆ ಉಳಿದವಕ್ಕೆ ಊರಾಚೆಯವರ ಮೊಟ್ಟೆ ಅಂತ ಹೆಸರು. ಅವು ಜಗಲಿಯ ಮೂಲೆಯ ಹೊಟ್ಟಿನ ಬುಟ್ಟಿಗೆ ಹೋಗುತ್ತವೆ. ನಮ್ಮ ಕೋಳಿಗಳು ಕಾಣದ ಊರಿನ ಜನರನ್ನೂ ನೆನೆಸಿಕೊಂಡು ಮೊಟ್ಟೆ ಇಡುತ್ತವೆ ಅನ್ನುವುದು ನಮ್ಮೂರಿನವರ ದೊಡ್ಡ ಹೆಮ್ಮೆ.

ಪ್ರತಿ ಗುರುವಾರ ಬುಡೇನ್ ಸಾಬರು ಮೊಪೆಡ್ಡಿನ ಹಿಂದೆ ಎರಡು ದೊಡ್ಡ ಬುಟ್ಟಿ ಕಟ್ಟಿಕೊಂಡು ಬಂದು ಈ ಮೊಟ್ಟೆಗಳನ್ನು ಒಯ್ಯುತ್ತಾರೆ. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, ಬೆಚ್ಚಗಿದ್ದರೆ ಮಾತ್ರ ಒಳಗಿಡುತ್ತಾರೆ. ಅವರು ಕೊಡುವ ಕಾಸು ಅತ್ತೆಯದು. ಮನೆಯಲ್ಲಿ ಅತ್ತೆಯ ಕೈಗೆ ನೇರವಾಗಿ ಬರುವುದು ಅದೊಂದೇ. ಉಪ್ಪು, ಸೋಪು, ಬಳೆ, ಮಗುವಿಗೆ ಕೆಮ್ಮಾದರೆ ಔಷಧಿಯ ಬಾಟಲಿ, ಎಲ್ಲ ಅದರಿಂದಲೇ. ಆದ್ದರಿಂದ ಆ ಬುಟ್ಟಿಯ ಬಗ್ಗೆ ಮಾತಾಡುವಾಗ ನಾನು ಯಾವಾಗಲೂ ಎರಡು ಸಲ ಯೋಚಿಸುತ್ತಿದ್ದೆ.

ಮಕ್ಕಳ ವಿಷಯಕ್ಕೆ ಬಂದರೆ, ಮಗು ತನ್ನ ಹೆಸರನ್ನು ತಾನೇ ತಪ್ಪಿಲ್ಲದೆ ಹೇಳುವ ತನಕ ಅದರ ಕೈಗೆ ಮೊಟ್ಟೆ ಮುಟ್ಟಿಸುವುದಿಲ್ಲ. ಅದಕ್ಕೆ ಮೊದಲು ಮುಟ್ಟಿಸಿದರೆ ನಾಲಿಗೆ ಮಂದವಾಗಿ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ ಎಂಬ ಭಯ. ಹೆಸರು ಹೇಳಿದ ದಿನ ಮನೆಯಲ್ಲಿ ಪಾಯಸ. ಮಗುವನ್ನು ಮಣೆಯ ಮೇಲೆ ಕೂರಿಸಿ ಮೊದಲ ಮೊಟ್ಟೆ ಕೊಡುತ್ತಾರೆ, ಅದು ತಣ್ಣಗಾದಾಗ ಹೆಂಗಸರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಗುತ್ತಾರೆ. ಹಾಲಿಗೂ ಮೀನಿಗೂ ಇಂಥ ಕಟ್ಟಳೆ ಏನೂ ಇಲ್ಲ. ಆದರೂ ಎಮ್ಮೆಯ ಹಾಲು ಡೇರಿಗೆ ಹೋಗಿ ಉಳಿದದ್ದು ಮಾವನ ಕಾಫಿಗೆ ಸರಿಹೋಗುತ್ತದೆ. ಮೀನಿನಲ್ಲಿ ಮುಳ್ಳಿರುತ್ತದೆ. ಹಬ್ಬದ ದಿನ ಬಾಡು ಬೇಯಿಸಿದರೆ ತುಂಡುಗಳು ದುಡಿಯುವವರ ತಟ್ಟೆಗೆ, ಮಗುವಿನ ಅನ್ನಕ್ಕೆ ಒಂದು ಚಮಚ ತಿಳಿ ಸಾರು. ಯಾರೂ ಮಗುವಿನಿಂದ ಕಿತ್ತುಕೊಂಡವರಲ್ಲ. ಎಲ್ಲರೂ ಎತ್ತಿ ಮುದ್ದಾಡುವವರೇ. ಆದರೆ ಕೈಯಿಂದ ಕೈಗೆ ದಾಟಿ ತಟ್ಟೆ ಮಗುವಿನ ಹತ್ತಿರ ಬರುವ ಹೊತ್ತಿಗೆ ಅದರಲ್ಲಿ ರಾಗಿ ಮಾತ್ರ ಉಳಿದಿರುತ್ತಿತ್ತು.

ನಾನು ಊರಿನ ಬಾಲವಾಡಿಯ ಟೀಚರು. ತಿಂಗಳ ಮೊದಲ ಗುರುವಾರ ಮಕ್ಕಳನ್ನು ತೂಗುವುದು ನನ್ನ ಕೆಲಸಗಳಲ್ಲೊಂದು. ತೊಲೆಗೆ ಕಟ್ಟಿದ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಮಗು. ಮುಳ್ಳು ನಿಂತ ಕಡೆ ನೋಡಿ ಪುಸ್ತಕದಲ್ಲಿ ಚುಕ್ಕೆ ಇಡಬೇಕು. ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿ. ಊರಿನ ಅರ್ಧದಷ್ಟು ಮಕ್ಕಳು ಹಳದಿಯಲ್ಲಿದ್ದರು. ಕೆಂಪಿನಲ್ಲಿ ಇಬ್ಬರು. ಒಬ್ಬಳು ಹಿಂದಿನ ಬೀದಿಯ ಚೌಡಮ್ಮನ ಮಗಳು ಲಕ್ಕಿ. ಚೌಡಮ್ಮ ಇಟ್ಟಿಗೆ ಗೂಡಿನಲ್ಲಿ ದುಡಿಯುವವಳು, ಅವಳ ಮನೆಗೆ ಅಂಗಳವಿಲ್ಲ, ಅಂಗಳವಿಲ್ಲದೆ ಕೋಳಿಯಿಲ್ಲ. ಇನ್ನೊಬ್ಬಳು ನನ್ನ ಮಗಳು ಸಂಪಿ.

ಎರಡೂವರೆ ವರ್ಷವಾದರೂ ಸಂಪಿ ಗೋಡೆ ಹಿಡಿಯದೆ ನಡೆಯುತ್ತಿರಲಿಲ್ಲ. ಕುಂಡೆಯ ಮೇಲೆ ಸರಿದುಕೊಂಡು ಹೋಗುತ್ತಿದ್ದಳು. ಹೆಸರು ಕೇಳಿದರೆ "ಪಿ" ಅನ್ನುತ್ತಿದ್ದಳು, ಅಷ್ಟೇ. ನಾನು ಅವಳ ಕಣ್ಣಿನ ಕೆಳರೆಪ್ಪೆಯನ್ನು ದಿನಕ್ಕೆ ಎಷ್ಟು ಸಲ ಎಳೆದು ನೋಡುತ್ತಿದ್ದೆನೋ. ಒಳಗೆ ಕೆಂಪು ಇರಬೇಕಾದಲ್ಲಿ ಅಕ್ಕಿ ತೊಳೆದ ನೀರಿನ ಬಣ್ಣ. ಮಧ್ಯಾಹ್ನ ಮಲಗಿದ್ದಾಗ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ನಿಂಗರಾಜು ಅದನ್ನು ಕಂಡು, ಹೀಗೆ ಮುಟ್ಟಿ ಮುಟ್ಟಿಯೇ ಮಗುವನ್ನು ಸವೆಸುತ್ತೀಯ ಎಂದು ತಮಾಷೆ ಮಾಡುತ್ತಿದ್ದರು. ಮೊಟ್ಟೆಯ ಮಾತೆತ್ತಿದರೆ ಅವ್ವನನ್ನು ಕೇಳು ಎಂದು ಗಿರಣಿಗೆ ಹೋಗುತ್ತಿದ್ದರು. ಅತ್ತೆಯನ್ನು ಒಮ್ಮೆ ಕೇಳಿದೆ. ಹೆಸರು ಹೇಳಲಿ, ಊರಿಗೆಲ್ಲ ಪಾಯಸ ಕೊಡೋಣ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಗಟ್ಟಿಯಾದದ್ದು ಏನೋ ಇತ್ತು. ಅತ್ತೆಯ ಮೊದಲ ಮಗ ಎರಡು ವರ್ಷದವನಾಗಿದ್ದಾಗ ತೀರಿಕೊಂಡಿದ್ದನೆಂದು ನಿಂಗರಾಜು ಹೇಳಿದ್ದರು. ಅವನ ಹೆಸರು ನನಗೆ ಗೊತ್ತಿರಲಿಲ್ಲ. ತನ್ನ ಹೆಸರು ಹೇಳದೆ ಹೋದ ಮಗುವಿನ ಹೆಸರನ್ನು ನಮ್ಮೂರಿನಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ಬಾಲವಾಡಿಯ ಹಳೆಯ ಪುಸ್ತಕಗಳನ್ನು ನಾನು ಮತ್ತೆ ಮತ್ತೆ ತಿರುವುತ್ತಿದ್ದೆ. ತೂಕವಿಲ್ಲದ ಮಕ್ಕಳು ತಡವಾಗಿ ಮಾತಾಡಿದ್ದವು. ತಡವಾಗಿ ಮಾತಾಡಿದವಕ್ಕೆ ತಡವಾಗಿ ಮೊಟ್ಟೆ ಸಿಕ್ಕಿತ್ತು. ಮೊಟ್ಟೆ ಸಿಕ್ಕ ಮೇಲೆ ಚುಕ್ಕೆಗಳು ಮೆಲ್ಲಗೆ ಮೇಲೆ ಹತ್ತಿದ್ದವು, ಹತ್ತುವಷ್ಟು ದಿನ ಉಳಿದವರದು. ಇದನ್ನು ಯಾರಿಗೂ ಹೇಳಲಿಲ್ಲ. ಚುಕ್ಕೆಗಳನ್ನು ಜೋಡಿಸಿ ನಾನೇ ಒಂದು ಭಯವನ್ನು ಕಟ್ಟಿಕೊಳ್ಳುತ್ತಿದ್ದೇನೋ ಎಂಬ ಅನುಮಾನ ನನಗೇ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಜಗಲಿಯಲ್ಲಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದೆ. ಸಂಪಿ ಸರಿಯುತ್ತ ಸರಿಯುತ್ತ ಹೊಟ್ಟಿನ ಬುಟ್ಟಿಯ ಹತ್ತಿರ ಹೋದಳು. ನಾನು ಬಾಚಣಿಗೆ ಬಿಟ್ಟು ಏಳುವುದರೊಳಗೆ ಅವಳ ಕೈ ಹೊಟ್ಟಿನೊಳಗೆ ಮಣಿಕಟ್ಟಿನವರೆಗೆ ಇಳಿದಿತ್ತು. ಮೆಲ್ಲಗೆ ಎಳೆದೆ. ಅವಳ ಐದು ಬೆರಳೂ ಒಂದು ಮೊಟ್ಟೆಯ ಸುತ್ತ ಅಂಟಿಕೊಂಡಂತಿದ್ದವು. ಬಿಡಿಸಿ ತೆಗೆದುಕೊಂಡೆ. ಮೊಟ್ಟೆ ತಣ್ಣಗಿತ್ತು.

ಹೊಟ್ಟಿನಲ್ಲಿದ್ದು ತಣ್ಣಗಾಗಿದೆಯೇನೋ ಎಂದುಕೊಂಡೆ. ಹಾಗೆ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಬುಟ್ಟಿಯೊಳಗೆ ಕೈಯಿಟ್ಟು ನೋಡಿದೆ. ಉಳಿದವೆಲ್ಲ ಮಲಗಿದ ಪ್ರಾಣಿಯ ಹೊಟ್ಟೆಯಂತೆ ಬೆಚ್ಚಗಿದ್ದವು. ಬೀದಿಯಲ್ಲಿ ಯಾರಾದರೂ ನೋಡಿದರೇ ಎಂದು ಎರಡೂ ಕಡೆ ನೋಡಿ, ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದೆ. ಸಂಪಿ ಖಾಲಿಯಾದ ಅಂಗೈಯನ್ನು ನೋಡಿಕೊಳ್ಳುತ್ತ ಅಲ್ಲೇ ಕುಳಿತಿದ್ದಳು.

ಮರುದಿನ ಅತ್ತೆ ಎಮ್ಮೆ ಬಿಡಲು ಹೋದಾಗ ನಾನೇ ಅವಳನ್ನು ಬುಟ್ಟಿಯ ಹತ್ತಿರ ಕೂರಿಸಿದೆ. ಒಂದೊಂದೇ ಮೊಟ್ಟೆಯನ್ನು ಅವಳ ಅಂಗೈಗೆ ತಾಗಿಸಿದೆ. ಎರಡು ಬೆಚ್ಚಗೇ ಉಳಿದವು. ಮೂರನೆಯದು ತಣ್ಣಗಾಯಿತು. ಒಂದು ದಿನ ಬಿಟ್ಟು ಮತ್ತೆ ನೋಡಿದೆ. ಮತ್ತೊಂದು ತಣ್ಣಗಾಯಿತು. ನಮ್ಮ ಕೋಳಿಗಳು ಅವಳಿಗೆಂದು ಮೊಟ್ಟೆ ಇಡುತ್ತಿದ್ದವು. ಅವಳು ಹುಟ್ಟಿದಾಗಿನಿಂದಲೇ ಇಡುತ್ತಿದ್ದವೇನೋ. ಅವಳ ಹೆಸರು ಕೇಳದೆ, ಅವಳ ಮಾತಿಗೆ ಕಾಯದೆ. ನಾವು ಅವನ್ನೆಲ್ಲ ಎಚ್ಚರಿಕೆಯಿಂದ ಹೊಟ್ಟಿನಲ್ಲಿಟ್ಟು, ಒಡೆಯದ ಹಾಗೆ, ಊರಾಚೆಗೆ ಕಳಿಸಿದ್ದೆವು.

ತಣ್ಣಗಾದ ಮೂರು ಮೊಟ್ಟೆಗಳನ್ನು ರಾಗಿ ತುಂಬಿಡುವ ಮಣ್ಣಿನ ವಾಡೆಯಲ್ಲಿ ಹೂತಿಟ್ಟೆ. ತಿನ್ನಿಸಲಿಲ್ಲ. ಓದಿದವಳಾಗಿ ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೊಟ್ಟೆಗೂ ನಾಲಿಗೆಗೂ ಸಂಬಂಧವಿಲ್ಲವೆಂದು ಪುಸ್ತಕ ಹೇಳುತ್ತಿತ್ತು. ಆದರೆ ಮೊಟ್ಟೆ ಕೈಗಾಗಿ ಕಾಯುತ್ತದೆ ಎಂದು ಅದೇ ಪುಸ್ತಕ ಹೇಳಿರಲಿಲ್ಲ. ಒಂದು ನಿಜವನ್ನು ಬಿಟ್ಟ ಪುಸ್ತಕ ಇನ್ನೊಂದನ್ನೂ ಬಿಟ್ಟಿದ್ದರೆ? ನನ್ನ ಮಗಳ ಮಾತು ಅವಳ ಹೊಟ್ಟೆಯಲ್ಲೇ ಉಳಿದುಬಿಟ್ಟರೆ, ಅವಳು ಅಲ್ಲಿಂದ ಕರೆಯುವುದು ನನಗೆ ಕೇಳಿಸುವುದೇ ಇಲ್ಲವಲ್ಲ.

ಗುರುವಾರ ಬುಡೇನ್ ಸಾಬರು ಬಂದರು. ಅತ್ತೆ ಒಳಗೆ ಚಿಲ್ಲರೆ ಡಬ್ಬಿ ಹುಡುಕುತ್ತಿದ್ದಾಗ, ಸುಮ್ಮನೆ ಕೇಳುವವಳ ಹಾಗೆ, ಈ ಮೊಟ್ಟೆಗಳು ಅಲ್ಲಿ ಪೇಟೆಯಲ್ಲಿ ಯಾರ ಕೈಯಲ್ಲಿ ತಣ್ಣಗಾಗುತ್ತವೆ ಎಂದು ಕೇಳಿದೆ. ಇಷ್ಟು ವರ್ಷ ನಮ್ಮೂರಿನಲ್ಲಿ ಒಬ್ಬರೂ ಅವರನ್ನು ಈ ಮಾತು ಕೇಳಿರಲಿಲ್ಲ. ಅವರು ಕೆನ್ನೆಗೆ ಹಿಡಿದಿದ್ದ ಮೊಟ್ಟೆಯನ್ನು ಇಳಿಸಿ ನನ್ನನ್ನು ನೋಡಿದರು.

"ಎಲ್ಲಿ ತಣ್ಣಗಾಗ್ತವೆ ಟೀಚರಮ್ಮ? ಬಾಣಲೆಗೆ ಒಡೆಯೋ ತನಕ ಬಿಸೀನೇ. ಮೂವತ್ತು ವರ್ಷ ಆಯ್ತು, ಒಬ್ಬರ ಕೈಲೂ ತಣ್ಣಗಾಗಿದ್ದು ನಾ ಕಾಣೆ. ಈಗಿಟ್ಟಂಗಿದೆ ಅಂತ ಗಿರಾಕಿಗಳು ಮುಗಿಬೀಳೋದೇ ಅದಕ್ಕೆ."

ಅವರು ಬುಟ್ಟಿ ಕಟ್ಟಿಕೊಂಡು ಹೊರಟರು. ಮೊಪೆಡ್ಡಿನ ಸದ್ದು ಕೆರೆ ಏರಿಯ ತಿರುವಿನಲ್ಲಿ ಅಡಗುವ ತನಕ ನಿಂತಿದ್ದೆ. ಊರಾಚೆಯವರು ಎಂಬವರು ಇರಲೇ ಇಲ್ಲ. ನಾವು ಕಾಣದ ಜನರ ಹೆಸರಿನಲ್ಲಿ ಕಳಿಸಿದ ಮೊಟ್ಟೆಗಳೆಲ್ಲ ಬಾಣಲೆಯ ಅಂಚಿನವರೆಗೂ ಬೆಚ್ಚಗೆ ಕಾದಿದ್ದವು, ನಮ್ಮ ಜಗಲಿಯಲ್ಲಿ ಕುಂಡೆಯ ಮೇಲೆ ಸರಿಯುವ ಮಕ್ಕಳ ಕೈಗಳಿಗಾಗಿ.

ಅದೇ ಮಧ್ಯಾಹ್ನ ಒಂದು ಮೊಟ್ಟೆ ಬೇಯಿಸಿದೆ. ಚಿಪ್ಪು ಬಿಡಿಸಿದೆ. ಹಳದಿಯನ್ನು ಅಂಬಲಿಯಲ್ಲಿ ಕಿವುಚಿ ಬೆರಳ ತುದಿಯಿಂದ ಸಂಪಿಯ ತುಟಿಗೆ ಸವರಿದೆ. ಅವಳು ಮೊದಲು ಮುಖ ಹಿಂಡಿದಳು. ಆಮೇಲೆ ನಾಲಿಗೆ ಹೊರಗೆ ಬಂದು ತುಟಿಯನ್ನು ಒಂದು ಸುತ್ತು ಸುತ್ತಿ ಒಳಗೆ ಹೋಯಿತು. ಆಮೇಲೆ ಅವಳು ನನ್ನ ಮುಖವನ್ನೇ ನೋಡುತ್ತ ಬಾಯಿ ತೆರೆದಳು. ಅಷ್ಟು ದೊಡ್ಡದಾಗಿ ಅವಳು ಬಾಯಿ ತೆರೆದದ್ದನ್ನು ನಾನು ಅಳುವಾಗ ಬಿಟ್ಟು ಬೇರೆ ಯಾವಾಗಲೂ ನೋಡಿರಲಿಲ್ಲ. ಬಟ್ಟಲು ಬರಿದಾದ ಮೇಲೂ ಅವಳು ಅದರ ತಳವನ್ನು ಬೆರಳಿನಿಂದ ಒರೆಸುತ್ತ ಕುಳಿತಿದ್ದಳು. ಅಡುಗೆಮನೆಯ ಕಿಂಡಿಯಿಂದ ಬಿದ್ದ ಬಿಸಿಲು ಅವಳ ನೆತ್ತಿಯ ಮೇಲಿತ್ತು.

ಆರು ದಿನ ಹೀಗೆ ನಡೆಯಿತು. ಅವಳ ಕೈಯಲ್ಲಿ ಹೊಸದಾಗಿ ತಣ್ಣಗಾದವನ್ನೂ ಕದ್ದು ವಾಡೆಗೆ ಸೇರಿಸುತ್ತಿದ್ದೆ. ಚಿಪ್ಪನ್ನು ಒಲೆಯ ಬೂದಿಯಲ್ಲಿ ಮುಚ್ಚುತ್ತಿದ್ದೆ. ದಿನಾ ಬೆಳಿಗ್ಗೆ ಸಂಪಿಯ ನಾಲಿಗೆ ನೋಡುತ್ತಿದ್ದೆ, "ಪಿ" ಅನ್ನಿಸುತ್ತಿದ್ದೆ. "ಪಿ" ಹಾಗೇ ಇತ್ತು. ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಏಳನೆಯ ದಿನ, ನಾಳೆ ತೂಗುವ ಗುರುವಾರ ಎನ್ನುವಾಗ, ರಾಗಿ ತೆಗೆಯಲು ವಾಡೆಗೆ ಕೈಹಾಕಿದ ಅತ್ತೆ ಎರಡು ಮೊಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಒಂದನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ಇದು ಯಾರ ಕೈಲಿ ತಣ್ಣಗಾದ್ದು?" ಎಂದು ಕೇಳಿದರು.

ನಾನು ಮಾತುಗಳನ್ನು ಆರಿಸಿ ಆಡುವವಳು. ಆಗ ಆರಿಸಲು ಒಂದೇ ಮಾತು ಇತ್ತು. "ಸಂಪಿ" ಎಂದೆ.

ಅತ್ತೆಯ ಮುಖದಿಂದ ಬಣ್ಣ ಇಳಿಯಿತು. ತಿನ್ನಿಸಿದೆಯಾ ಎಂದು ಕೇಳಲಿಲ್ಲ, ಅದು ನನ್ನ ಮುಖದಲ್ಲೇ ಇತ್ತು. ಓಡಿ ಹೋಗಿ ಸಂಪಿಯನ್ನು ಎತ್ತಿ ಬೆಳಕಿಗೆ ಹಿಡಿದು, ಬಾಯಿಗೆ ಬೆರಳು ಹಾಕಿ ನಾಲಿಗೆಯನ್ನು ಈ ಕಡೆ ಆ ಕಡೆ ಮಾಡಿ ನೋಡಿದರು. ಸಂಪಿ ಅತ್ತೆಯ ಬೆರಳನ್ನು ಕಚ್ಚಿ ನಕ್ಕಳು. ಅತ್ತೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಹೆಸರೇನು ಎಂದು ಕೇಳಿದರು. "ಪಿ" ಎಂದಳು. ಇನ್ನೊಂದು ಸಲ ಕೇಳಿದರು. "ಪಿ" ಎಂದಳು. ನಾನು ಕಂಬಕ್ಕೆ ಒರಗಿ ನಿಂತು ಬುಡೇನ್ ಸಾಬರು ಹೇಳಿದ್ದನ್ನು, ಒಂದು ಮಾತು ಹೆಚ್ಚಿಲ್ಲದೆ ಒಂದು ಮಾತು ಕಡಿಮೆಯಿಲ್ಲದೆ, ಹೇಳಿದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ಬುಟ್ಟಿಯನ್ನು ಎಳೆದುಕೊಂಡು ಒಂದು ಮೊಟ್ಟೆ ತೆಗೆದು ಸಂಪಿಯ ಅಂಗೈಯಲ್ಲಿಟ್ಟು, ಮೇಲೆ ತಮ್ಮ ಕೈ ಮುಚ್ಚಿದರು. ಇಲ್ಲ. ಇನ್ನೊಂದು. ಇಲ್ಲ. ಮತ್ತೊಂದು. ಇಲ್ಲ. ಅವರ ಮುಖಕ್ಕೆ ಸ್ವಲ್ಪ ಗೆಲುವು ಬರುತ್ತಿತ್ತು, ಅದನ್ನೂ ನಾನು ಕಂಡೆ. ನಾಲ್ಕನೆಯ ಮೊಟ್ಟೆ ತಣ್ಣಗಾಯಿತು. ಕೈ ತೆಗೆಯಲಿಲ್ಲ. ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು.

"ಅವನ ಹೆಸರು ಶಿವಲಿಂಗ" ಎಂದರು. ಯಾರ ಹೆಸರೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. "ಎರಡು ಮಳೆಗಾಲ ಕಂಡಿದ್ದ. ಕೊನೇ ತಿಂಗಳು ಮೈಯೆಲ್ಲ ತಣ್ಣಗಿರೋದು. ಬಿಸಿ ಇರ್ಲಿ ಅಂತ ಮೊಟ್ಟೆ ಬುಟ್ಟಿಗೆ ಒರಗಿಸಿ ಮಲಗಿಸ್ತಿದ್ದೆ ಕಣವ್ವ. ಬುಟ್ಟಿ ಬೆಚ್ಚಗಿತ್ತು. ಅವನ್ದೇ ಇದ್ವೇನೋ ಅದ್ರೊಳಗೆ."

ಹತ್ತಿರ ಹೋಗಿ ಕುಳಿತೆ. ಅತ್ತೆ ಅಳಲಿಲ್ಲ. ಸಂಪಿಯ ಅಂಗೈಯನ್ನು ತಿರುಗಿಸಿ, ಅಲ್ಲಿ ಏನೋ ಬರೆದಿದೆ ಎನ್ನುವ ಹಾಗೆ ನೋಡುತ್ತಿದ್ದರು. ಆಮೇಲೆ ಎದ್ದು ಆ ಮೊಟ್ಟೆಯನ್ನು ಬೇಯಿಸಲು ಇಟ್ಟರು. ತಾವೇ ಬಿಡಿಸಿದರು, ತಾವೇ ಕಿವುಚಿದರು. ಉಪ್ಪು ಹಾಕಿದ್ದೀಯೇನೇ ಇಷ್ಟು ದಿನ, ಸಪ್ಪೆ ತಿನ್ನಿಸಿದ್ದೀಯೋ ಎಂದು ಗದರಿದರು.

ಮರುದಿನ ಬಾಲವಾಡಿಗೆ ಹೊರಟಾಗ ಅತ್ತೆ ಹೊಟ್ಟಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನನ್ನ ಹಿಂದೆ ಬಂದರು. ಮಾವ ಜಗಲಿಯಿಂದ, ಬುಡೇನ್ ಸಾಬರು ಮನೆ ಹತ್ತಿರ ಬರುತ್ತಾರೆ, ಬುಟ್ಟಿ ಎಲ್ಲಿಗೆ ಎಂದು ಕೂಗಿ ಕೇಳಿದರು. ಅತ್ತೆ ತಿರುಗಿಯೂ ನೋಡಲಿಲ್ಲ. ಬಾಲವಾಡಿಯಲ್ಲಿ ತಾಯಂದಿರೆಲ್ಲ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ತೂಕಕ್ಕೆ ಕಾಯುತ್ತಿದ್ದರು. ಅತ್ತೆ ಬುಟ್ಟಿಯನ್ನು ತಕ್ಕಡಿಯ ಕೆಳಗೆ ಇಳಿಸಿ, ಸಂಪಿಯನ್ನು ಅದರ ಪಕ್ಕ ಕೂರಿಸಿದರು. ಅವಳ ಅಂಗೈಗೆ ಮೊಟ್ಟೆಗಳನ್ನು ತಾಗಿಸುತ್ತ ಹೋಗಿ, ತಣ್ಣಗಾದ ಒಂದನ್ನು ಎತ್ತಿ ಹತ್ತಿರ ನಿಂತಿದ್ದ ಹೆಂಗಸಿನ ಕೆನ್ನೆಗೆ ಒತ್ತಿದರು. ಅವಳು ಅದನ್ನು ಪಕ್ಕದವಳ ಕೆನ್ನೆಗೆ ಒತ್ತಿದಳು. ಹಾಗೆ ಒಬ್ಬರ ಕೆನ್ನೆಯಿಂದ ಇನ್ನೊಬ್ಬರ ಕೆನ್ನೆಗೆ ಮೊಟ್ಟೆ ಕೋಣೆಯನ್ನು ಒಂದು ಸುತ್ತು ಬಂತು.

ಮೊದಲು ಯಾರು ತಮ್ಮ ಮಗುವನ್ನು ಇಳಿಸಿದರೋ ನನಗೆ ನೆನಪಿಲ್ಲ. ಎಲ್ಲದರ ಮೇಲೂ ಕಣ್ಣಿಡುವ ನನಗೆ ಅದೊಂದು ತಪ್ಪಿಹೋಯಿತು. ತೂಕದ ಪುಸ್ತಕ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಂತೆ ಮಕ್ಕಳು ಬುಟ್ಟಿಯ ಸುತ್ತ ನೆರೆದವು. ಹೊಟ್ಟಿನೊಳಗೆ ಪುಟ್ಟ ಪುಟ್ಟ ಕೈಗಳು ಇಳಿದವು. ಒಂದು ಮೊಟ್ಟೆ ತಣ್ಣಗಾಯಿತು. ಇನ್ನೊಂದು. ಹಲ್ಲು ಬಾರದ ಒಂದು ಕೂಸು ಮೊಟ್ಟೆಯನ್ನು ಹಿಡಿಯಲಾರದೆ ಅಂಗೈಯಿಂದ ಸವರಿತು ಅಷ್ಟೇ, ಅದರ ತಾಯಿ ಎತ್ತಿ ನೋಡಿ ಕುಕ್ಕರಿಸಿ ಕುಳಿತುಬಿಟ್ಟಳು. ಎಲ್ಲೋ ದೂರದಿಂದ ಕರೆದ ಕೂಗಿಗೆ ಒಬ್ಬೊಬ್ಬರೇ ಓಗೊಡುತ್ತಿರುವ ಹಾಗಿತ್ತು. ನಮ್ಮ ಮನೆಯ ಕೋಳಿಗಳು ಊರಿನ ಎಷ್ಟು ಮಕ್ಕಳನ್ನು ಬಲ್ಲವು ಎಂದು ನನಗೆ ಆ ದಿನ ತಿಳಿಯಿತು. ಹೆಂಗಸರು ಒಬ್ಬರ ಹಿಂದೆ ಒಬ್ಬರು ಮನೆಗೆ ಓಡಿ ತಮ್ಮ ತಮ್ಮ ಬುಟ್ಟಿ ಹೊತ್ತು ತಂದರು. ಸಾಕಮ್ಮ ಎಂಬವಳು ಮಾತ್ರ ಬಾಗಿಲಲ್ಲೇ ನಿಂತಿದ್ದಳು, ತನ್ನ ಮಗುವಿನ ಎರಡೂ ಮುಷ್ಟಿಗಳನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು. ನಾಳೆ ನಾಲಿಗೆ ಬಿದ್ದುಹೋದರೆ ಟೀಚರು ಕೊಡುತ್ತಾಳಾ ಎಂದಳು. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ. ಅವಳ ಭಯ ನನಗೆ ಗೊತ್ತಿತ್ತು, ಆರು ದಿನ ಅದರ ಜೊತೆಯಲ್ಲೇ ಉಂಡಿದ್ದೆ.

ಬುಡೇನ್ ಸಾಬರು ಮನೆಮನೆಯ ಜಗಲಿಗಳು ಖಾಲಿಯಿರುವುದನ್ನು ಕಂಡು ಹುಡುಕುತ್ತ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಅಭ್ಯಾಸದಂತೆ ಒಂದು ಮೊಟ್ಟೆ ಎತ್ತಿ ಕೆನ್ನೆಗೆ ಒತ್ತಿ, ಬೆಚ್ಚಿ ಕೈ ಹಿಂದಕ್ಕೆ ತೆಗೆದರು. ಮತ್ತೊಂದು ನೋಡಿದರು. ಸುತ್ತ ಕುಳಿತ ಮಕ್ಕಳನ್ನು ನೋಡಿದರು.

"ಮೂವತ್ತು ವರ್ಷ ನಾ ಯಾರದ್ದನ್ನ ಹೊತ್ತೆ ತಾಯಿ?" ಎಂದರು.

"ನಾವು ಕಟ್ಟಿಕೊಟ್ಟದ್ದನ್ನ ಹೊತ್ತೆ. ಕೂತ್ಕೊ ಸಾಬಣ್ಣ, ಇವತ್ತು ಕಾಫಿನಾದ್ರೂ ಕುಡ್ಕೊಂಡು ಹೋಗು. ನಮ್ಮನೆಯೋರ ಹಾಲಲ್ಲಿ ಮಾಡ್ಕೊಡ್ತೀನಿ" ಎಂದರು ಅತ್ತೆ. ಹೆಂಗಸರು ನಕ್ಕರು. ಸಾಬರೂ ಕಣ್ಣೊರೆಸಿಕೊಂಡು ನಕ್ಕರು. ಮಾವನ ಕಾಫಿಯ ಹಾಲಿಗೆ ಕೈಹಾಕುವ ಮಾತನ್ನು ಅತ್ತೆ ಆಡಿದ್ದು ಅದೇ ಮೊದಲು. ಬಳೆ ಸೋಪುಗಳ ಕಾಸು ಇನ್ನು ಹೇಗೆ ಎಂಬ ಯೋಚನೆ ಆ ನಗೆಯೊಳಗೂ ಎಲ್ಲರ ಮುಖದಲ್ಲಿ ಒಮ್ಮೆ ಹಾದುಹೋದದ್ದನ್ನು ನಾನು ನೋಡಿದೆ. ಆಮೇಲಿನ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಸೋಪನ್ನು ದಾರದಿಂದ ಎರಡು ಹೋಳು ಮಾಡಿ ಬಳಸಿದೆವು, ಮಾವನ ಕಾಫಿ ಸ್ವಲ್ಪ ಕಪ್ಪಗಾಯಿತು.

ನಮ್ಮ ಬುಟ್ಟಿಯಲ್ಲಿ ಕೊನೆಗೆ ಒಂದು ಮೊಟ್ಟೆ ಉಳಿಯಿತು. ಬಂದಿದ್ದ ಮಕ್ಕಳೆಲ್ಲ ಮುಟ್ಟಿದರೂ ಅದು ಬೆಚ್ಚಗೇ ಇತ್ತು. ಊರಾಚೆಯವರದೇ ಇರಬೇಕು, ಇದೊಂದನ್ನಾದರೂ ಸಾಬರಿಗೆ ಕೊಡಿ ಎಂದು ಯಾರೋ ಹೇಳಿದರು. ಅತ್ತೆ ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕಡೆ ನೋಡಿ, ಇವತ್ತು ತೂಕಕ್ಕೆ ಯಾರು ಬಂದಿಲ್ಲ ಎಂದು ಕೇಳಿದರು. ಪುಸ್ತಕ ನೋಡುವ ಅಗತ್ಯ ನನಗಿರಲಿಲ್ಲ. ಚೌಡಮ್ಮನ ಲಕ್ಕಿ ಎಂದೆ.

ಅತ್ತೆ ಹಿಂದಿನ ಬೀದಿಗೆ ಹೋದದ್ದನ್ನು ನಾನು ಈ ಊರಿಗೆ ಬಂದ ಆರು ವರ್ಷದಲ್ಲಿ ಕಂಡಿರಲಿಲ್ಲ. ಆ ದಿನ ಅವರು ಬಲಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ದೀಪ ಆರದ ಹಾಗೆ ಒಯ್ಯುವವರಂತೆ ಅಂಗೈಯಲ್ಲಿ ಆ ಮೊಟ್ಟೆಯನ್ನಿಟ್ಟುಕೊಂಡು ನಡೆದರು. ಸಂಪಿಯನ್ನು ಎತ್ತಿಕೊಂಡು ನಾನು ಹಿಂದೆ ಹೋದೆ. ನಮ್ಮ ಹಿಂದೆ ಇನ್ನು ಕೆಲವರು, ಎಲ್ಲರಿಗಿಂತ ಹಿಂದೆ ಚಪ್ಪಲಿ ಮೆಟ್ಟುವುದನ್ನು ಮರೆತ ಬುಡೇನ್ ಸಾಬರು. ಚೌಡಮ್ಮ ಜ್ವರದ ಮಗುವನ್ನು ಮಲಗಿಸಿಕೊಂಡು ಬಾಗಿಲಲ್ಲಿ ಕುಳಿತಿದ್ದಳು. ಇಷ್ಟು ಜನರನ್ನು ಕಂಡು ಗಾಬರಿಯಾಗಿ ಎದ್ದಳು. ನಮ್ಮನೇಲಿ ಕೋಳಿ ಇಲ್ವಲ್ಲ ಅಮ್ಮಾರೆ, ನಮ್ಮ ಮಗೀಗೆ ಎಲ್ಲಿಂದ ಬರ್ತದೆ ಮೊಟ್ಟೆ ಎಂದು ಹಿಂದೆ ಸರಿದಳು. ಅತ್ತೆ ಮಣ್ಣಿನ ನೆಲದ ಮೇಲೆ ಕುಳಿತು, ನಿದ್ದೆಯಲ್ಲಿದ್ದ ಲಕ್ಕಿಯ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಅದರಲ್ಲಿ ಮೊಟ್ಟೆಯನ್ನಿಟ್ಟರು.

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವರ ಕಣ್ಣು ಮುಚ್ಚಿತ್ತು. ತುಟಿ ಒಂದು ಸಲ ಅಲುಗಿತು. ಅವರು ಯಾವ ಹೆಸರು ಹೇಳಿದರೆಂದು ನನಗೆ ಕೇಳಿಸಲಿಲ್ಲ, ಆದರೂ ಗೊತ್ತಾಯಿತು. ಆಮೇಲೆ ಅವರು ಮೊಟ್ಟೆಯನ್ನು ಎತ್ತಿ ಚೌಡಮ್ಮನ ಕೆನ್ನೆಗೆ ಒತ್ತಿದರು. ಚೌಡಮ್ಮ ಅದನ್ನು ಎರಡೂ ಕೈಯಿಂದ ಅಲ್ಲೇ ಒತ್ತಿ ಹಿಡಿದುಕೊಂಡಳು. ಕೋಳಿಯಿಲ್ಲದ ಮನೆಯ ಮಗುವನ್ನು ಯಾವುದೋ ಕೋಳಿ, ಎರಡು ಬೀದಿಯ ಆಚೆ, ಮರೆತಿರಲಿಲ್ಲ.

ಆಗ ನನ್ನ ಕಂಕುಳಲ್ಲಿದ್ದ ಸಂಪಿ ಮುಂದಕ್ಕೆ ಬಾಗಿದಳು. ಬೀಳುತ್ತಾಳೆಂದು ಹೆದರಿ ಬಿಗಿಯಾಗಿ ಹಿಡಿದುಕೊಂಡೆ. ಅವಳು ಕೈಚಾಚಿ ಚೌಡಮ್ಮನ ಬೆರಳುಗಳ ನಡುವೆ ಕಾಣುತ್ತಿದ್ದ ಮೊಟ್ಟೆಯನ್ನು ತೋರುಬೆರಳಿನಿಂದ ಮುಟ್ಟಿದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಎಲ್ಲರನ್ನೂ ಒಮ್ಮೆ ನೋಡಿ, "ತಣ್ಣ" ಎಂದಳು.

ಸ್ಪಷ್ಟವಾಗಿ, ಎರಡು ಅಕ್ಷರವೂ ತಪ್ಪಿಲ್ಲದೆ. ಅದು ಅವಳ ಹೆಸರಾಗಿರಲಿಲ್ಲ. ಆದರೆ ಅತ್ತೆ ನೆಲದ ಮೇಲಿಂದ ತಲೆಯೆತ್ತಿ ಅವಳನ್ನು ನೋಡಿ, "ಹೂಂ ಕಣವ್ವ, ತಣ್ಣಗದೆ" ಎಂದರು, ದೊಡ್ಡವರಿಗೆ ಉತ್ತರ ಕೊಡುವ ಹಾಗೆ. ಮರುದಿನ ಬೆಳಿಗ್ಗೆ ಮಕ್ಕರಿ ಎತ್ತಿದ ಮೇಲೆ ಅವರು ಸೆರಗಿನಲ್ಲಿ ಮೊಟ್ಟೆಗಳನ್ನು ತುಂಬಿಕೊಂಡು ಜಗಲಿಗೆ ಬಂದಾಗ ಮಾವ ಎಂದಿನಂತೆ ಕೈ ನೀಡಿದರು. ಅತ್ತೆ ಅವರನ್ನು ದಾಟಿ ಬಂದು ಸಂಪಿಯ ಮುಂದೆ ಕುಳಿತರು. ಮಾವ ನೀಡಿದ ಕೈಯನ್ನು ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕಾದರು, ಆಮೇಲೆ ಮೂಲೆಯ ಹೊಟ್ಟಿನ ಬುಟ್ಟಿಯನ್ನು ಮೊಮ್ಮಗಳ ಹತ್ತಿರಕ್ಕೆ ತಾವೇ ಸರಿಸಿದರು.